ಸ್ಕ್ಯಾನಿಗೆ ಕಂಡದ್ದು, ಕಾಣದ್ದು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇವೆ. ನನ್ನ ಯಜಮಾನರಿಗೆ 56 ವರ್ಷ, ಸಣ್ಣ ಹೋಟೆಲ್ ನಡೆಸುತ್ತಾರೆ. ಬೀಡಿ, ಸಿಗರೇಟಿನ ಅಭ್ಯಾಸವಿಲ್ಲ. ಕಳೆದ ತಿಂಗಳು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎದೆಯ ಸಿ.ಟಿ. ಮಾಡಿಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ.ನ ಒಂದು ಗಟ್ಟಿ ಗಂಟು ಇದೆ, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ವರದಿ ಬಂತು. ಗಾಬರಿಯಲ್ಲಿ ಪೆಟ್ ಸ್ಕ್ಯಾನ್ ಕೂಡ ಮಾಡಿಸಿದೆವು, ಎಸ್‌ಯುವಿ 1.9 ಎಂದಿದೆ. ಒಬ್ಬ ವೈದ್ಯರು ಆರು ವಾರದಲ್ಲಿ ಮತ್ತೆ ಪೆಟ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಆರು ತಿಂಗಳ ಮೇಲೆ ಸಿ.ಟಿ. ಸಾಕು ಎನ್ನುತ್ತಾರೆ. ಊರಿನಿಂದ ಬಂದ ಹೊಸದರಲ್ಲಿ ಯಜಮಾನರಿಗೆ ಟಿ.ಬಿ. ಆಗಿ, ಔಷಧಿ ಪೂರ್ತಿ ಮುಗಿಸಿದ್ದರು. ಇತ್ತ ಮುಲುಂಡಿನಲ್ಲಿರುವ ನನ್ನ ನಾದಿನಿಗೆ (45 ವರ್ಷ) ಮ್ಯಾಮೋಗ್ರಾಮ್ ನಾರ್ಮಲ್ ಎಂದು ಬಂದ ಎಂಟೇ ತಿಂಗಳಲ್ಲಿ ಸ್ತನದ ಕ್ಯಾನ್ಸರ್ ಪತ್ತೆಯಾಯಿತು. ಇಲ್ಲದ್ದನ್ನು ಇದೆ ಎನ್ನುವ, ಇದ್ದದ್ದನ್ನು ಇಲ್ಲ ಎನ್ನುವ ಸ್ಕ್ಯಾನುಗಳನ್ನು ನಂಬುವುದು ಹೇಗೆ? ನನಗೆ 49 ವರ್ಷ. ನಾನೂ ಒಮ್ಮೆ ಇಡೀ ಮೈಯ ಸ್ಕ್ಯಾನ್ ಮಾಡಿಸಿಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಪ್ರಶ್ನೆಗಳಲ್ಲಿ ಅವಸರದ್ದು ಯಜಮಾನರದ್ದಾದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರಗಳನ್ನು ಕಣ್ಣಾರೆ ನೋಡದೆ ಕೊನೆಯ ಮಾತು ಹೇಳುವುದು ಸರಿಯಲ್ಲವಾದರೂ, ನೀವು ಬರೆದಿರುವ ವಿವರಗಳ ಮಟ್ಟಿಗೆ ನನ್ನ ಅಭಿಪ್ರಾಯ ಎರಡನೆಯ ವೈದ್ಯರ ಕಡೆಗಿದೆ: ಆರು ತಿಂಗಳಾದ ಮೇಲೆ ಕಡಿಮೆ ವಿಕಿರಣದ ಎದೆ ಸಿ.ಟಿ. ಮಾಡಿಸಿ ಈಗಿನದರ ಜೊತೆ ಹೋಲಿಸಬೇಕು. ಆರು ವಾರಕ್ಕೆ ಇನ್ನೊಂದು ಪೆಟ್ ಬೇಡ. ನಡುವೆ ಬಿಡದ ಕೆಮ್ಮು, ಸಂಜೆಯ ಜ್ವರ, ಕಫದಲ್ಲಿ ರಕ್ತ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ಮಾತ್ರ ಆರು ತಿಂಗಳು ಕಾಯದೆ ಎದೆಯ ವೈದ್ಯರ ಬಳಿ ಹೋಗಿ ಕಫದ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಹಳೆಯ ಟಿ.ಬಿ. ಮರುಕಳಿಸುವುದುಂಟು.

ಈ ಸಲಹೆ ನಿಮಗೆ ಉದಾಸೀನದ ಮಾತಿನಂತೆ ಕೇಳಿಸಬಹುದು. ‘ಕ್ಯಾನ್ಸರ್’ ಎಂಬ ಪದ ಬರೆದಿರುವ ಕಾಗದವನ್ನು ಕಪಾಟಿನಲ್ಲಿಟ್ಟುಕೊಂಡು ಆರು ತಿಂಗಳು ನಿದ್ದೆ ಮಾಡುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಆ ಕಾಗದ ಏನನ್ನು ಹೇಳುತ್ತಿದೆ, ಏನನ್ನು ಹೇಳಲಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಾವ ಸ್ಕ್ಯಾನ್ ಯಂತ್ರಕ್ಕೂ ಕ್ಯಾನ್ಸರ್ ಎಂಬುದು ನೇರವಾಗಿ ಕಾಣುವುದಿಲ್ಲ. ಸಿ.ಟಿ. ಯಂತ್ರವು ದೇಹದ ಯಾವ ಜಾಗ ಎಷ್ಟು ಎಕ್ಸ್-ರೇಯನ್ನು ತಡೆಯಿತು ಎಂದು ಅಳೆಯುತ್ತದೆ, ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ, ಎಂ.ಆರ್.ಐ. ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಕಣಗಳು ಅಯಸ್ಕಾಂತದ ನಡುವೆ ಹೇಗೆ ವರ್ತಿಸುತ್ತವೆ ಎಂದು ದಾಖಲಿಸುತ್ತದೆ. ಪೆಟ್ ಯಂತ್ರವು ಎಲ್ಲಿ ಸಕ್ಕರೆ ಹೆಚ್ಚು ಖರ್ಚಾಗುತ್ತಿದೆ ಎಂದು ತೋರಿಸುತ್ತದೆ. ಇವುಗಳಿಂದ ಸಿಗುವುದು ಆಕಾರ, ಗಾತ್ರ, ಸಾಂದ್ರತೆ, ರಕ್ತ ಸಂಚಾರ ಮತ್ತು ಸಕ್ಕರೆಯ ಹಸಿವು. ಈ ಲಕ್ಷಣಗಳು ಕ್ಯಾನ್ಸರಿನಲ್ಲಿ ಇರುತ್ತವೆ, ವಾಸಿಯಾದ ಗಾಯದ ಕಲೆಯಲ್ಲೂ ಇರಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ತೀರ್ಮಾನ ಹೆಚ್ಚಿನ ಸಂದರ್ಭಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶವನ್ನು ನೋಡಿದ ಮೇಲೆಯೇ ಆಗುತ್ತದೆ.

ಪೆಟ್ ಸ್ಕ್ಯಾನಿನ ಬಗ್ಗೆ ನಮ್ಮ ಜನರಲ್ಲಿ ಒಂದು ವಿಶೇಷ ಭಕ್ತಿಯಿದೆ. ಬೆಲೆ ಹೆಚ್ಚಾದ್ದರಿಂದ ಅದರ ಮಾತೇ ಕೊನೆಯದೆಂದು ಭಾವಿಸುವವರು ಬಹಳ. ಈ ಪರೀಕ್ಷೆಗೆ ಕೊಡುವ ಔಷಧಿ ಎಫ್‌ಡಿಜಿ ಎಂಬ ಒಂದು ಬಗೆಯ ಸಕ್ಕರೆ. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಜೋಡಿಸಿರುತ್ತಾರೆ. ಸುಮಾರು 110 ನಿಮಿಷಗಳಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಾಗುವ ಈ ಔಷಧಿಯನ್ನು ಬಿಸಿ ತಿಂಡಿಯಂತೆ ಆಯಾ ದಿನವೇ ಖರ್ಚು ಮಾಡಬೇಕು. ಮುಂಬೈಯ ಟ್ರಾಫಿಕ್ಕಿನಲ್ಲಿ ಔಷಧಿಯ ವಾಹನ ಸಿಕ್ಕಿಕೊಂಡರೆ ರೋಗಿಗಳು ಹಸಿದ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕಾಯುವುದು ಇದೇ ಕಾರಣಕ್ಕೆ. ದೇಶದ ಮೊದಲ ಪೆಟ್ ಯಂತ್ರ 2002ರಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಪರೇಲಿನಲ್ಲೇ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ರೇಡಿಯೇಶನ್ ಮೆಡಿಸಿನ್ ಸೆಂಟರಿನಲ್ಲಿ. ಅಂದಿನಿಂದ ಇಂದಿನವರೆಗೆ ಮುಂಬೈ ವೈದ್ಯರಿಗೆ ಪೆಟ್ ಕಲಿಸಿದ ದೊಡ್ಡ ಪಾಠವೆಂದರೆ ಟಿ.ಬಿ. ಕೂಡ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ ಎಂಬುದು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೂ ಸಕ್ಕರೆ ಬೇಕು. ಯಂತ್ರಕ್ಕೆ ಎರಡು ಹಸಿವುಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ.

ನನಗೂ ತಿಳಿಯದೆ ಹೋದದ್ದುಂಟು. ಹಲವು ವರ್ಷಗಳ ಹಿಂದೆ ನನ್ನ ಸೋದರಮಾವನವರ ಕುತ್ತಿಗೆ ಮತ್ತು ಎದೆಯ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ಪೆಟ್ ಚಿತ್ರದಲ್ಲಿ ದೀಪಾವಳಿಯ ಹಣತೆಗಳಂತೆ ಬೆಳಗಿದ್ದವು. ಸ್ಕ್ಯಾನ್ ಮಾಡಿದ ಕೇಂದ್ರದವರು ದುಗ್ಧಗ್ರಂಥಿಯ ಕ್ಯಾನ್ಸರ್ ಇರುವ ಸಂಭವ ಹೆಚ್ಚು ಎಂದು ಬರೆದಿದ್ದರು, ಚಿತ್ರ ನೋಡಿದ ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ. ಕುತ್ತಿಗೆಯ ಒಂದು ಗ್ರಂಥಿಯ ಚೂರನ್ನು ತೆಗೆದು ಪರೀಕ್ಷಿಸಿದಾಗ ಅದು ಬರೀ ಟಿ.ಬಿ. ಎಂದು ತಿಳಿಯಿತು. ಆರು ತಿಂಗಳ ಮಾತ್ರೆಯಲ್ಲಿ ಗುಣವಾಗಿ, ಇಂದಿಗೂ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ.

ಈಗ ನಿಮ್ಮ ವರದಿಯಲ್ಲಿರುವ 1.9 ಎಂಬ ಸಂಖ್ಯೆಗೆ ಬರೋಣ. ಎಸ್‌ಯುವಿ ಎಂದರೆ ಆ ಜಾಗ ಎಷ್ಟು ಸಕ್ಕರೆಯನ್ನು ಹೀರಿತು ಎಂಬ ಲೆಕ್ಕ. 2.5ಕ್ಕಿಂತ ಹೆಚ್ಚಾದರೆ ಕ್ಯಾನ್ಸರ್, ಕಡಿಮೆಯಾದರೆ ಅಲ್ಲ ಎಂಬ ಹಳೆಯ ರೂಢಿಯೊಂದು ಇನ್ನೂ ಕೆಲವೆಡೆ ಉಳಿದಿದೆ. ಅದನ್ನು ಗೆರೆ ಎಳೆದಂತೆ ನಂಬಬಾರದು. ರಕ್ತದ ಸಕ್ಕರೆಯ ಮಟ್ಟ, ಇಂಜೆಕ್ಷನ್ ಕೊಟ್ಟ ಎಷ್ಟು ಹೊತ್ತಿಗೆ ಚಿತ್ರ ತೆಗೆದರು, ಯಂತ್ರ ಯಾವುದು, ದೇಹದ ತೂಕ ಎಷ್ಟು ಎಂಬುದರ ಮೇಲೆ ಈ ಸಂಖ್ಯೆ ಮೇಲೆ ಕೆಳಗೆ ಆಗುತ್ತದೆ. ಚುರುಕಾದ ಟಿ.ಬಿ.ಯಲ್ಲಿ ಅದು ಹತ್ತನ್ನೂ ದಾಟಬಹುದು. ನಿಧಾನವಾಗಿ ಬೆಳೆಯುವ ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಒಂದರ ಆಸುಪಾಸಿನಲ್ಲೇ ಉಳಿಯಬಹುದು. ಇದಕ್ಕಿಂತ ಮುಖ್ಯವಾದ ವಿಷಯವೆಂದರೆ, ಸುಮಾರು 8 ಮಿ.ಮೀ.ಗಿಂತ ಚಿಕ್ಕದಾದ ಗಂಟನ್ನು ಪೆಟ್ ಯಂತ್ರ ಸರಿಯಾಗಿ ಅಳೆಯಲಾರದು. ಉಸಿರಾಟದ ಜೊತೆಗೆ ಅಲುಗಾಡುವ ಅಷ್ಟು ಸಣ್ಣ ಚುಕ್ಕೆಯ ಹೊಳಪು ಸುತ್ತಲಿನ ಗಾಳಿ ತುಂಬಿದ ಭಾಗದೊಳಗೆ ಕಲಸಿಹೋಗಿ, ನಿಜಕ್ಕಿಂತ ಕಡಿಮೆ ತೋರುತ್ತದೆ. ಹೀಗಾಗಿ 7 ಮಿ.ಮೀ. ಗಂಟಿಗೆ ಮಾಡಿಸಿದ ಮೊದಲ ಪೆಟ್ ಸಮಾಧಾನಪಡಿಸಲೂ ಇಲ್ಲ, ಭಯವನ್ನು ಖಚಿತಪಡಿಸಲೂ ಇಲ್ಲ. ಆರು ವಾರದ ಮೇಲೆ ಮಾಡಿಸುವ ಎರಡನೆಯದರಿಂದಲೂ ಅಷ್ಟೇ ಸಿಗುತ್ತದೆ.

ಹಾಗಾದರೆ ಏನು ನೋಡಬೇಕು? ಬೆಳವಣಿಗೆ. ಎದೆಯ ಚಿತ್ರಣದ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಫ್ಲೈಷ್ನರ್ ಸೊಸೈಟಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಆಕಸ್ಮಿಕವಾಗಿ ಕಂಡ 6ರಿಂದ 8 ಮಿ.ಮೀ.ನ ಒಂದೇ ಒಂದು ಗಟ್ಟಿ ಗಂಟಿಗೆ 6ರಿಂದ 12 ತಿಂಗಳಲ್ಲಿ ಮತ್ತೊಂದು ಸಿ.ಟಿ. ಸಾಕು, ನಂತರ ಅಗತ್ಯ ನೋಡಿಕೊಂಡು 18ರಿಂದ 24 ತಿಂಗಳಲ್ಲಿ ಇನ್ನೊಂದು. ಮೂರು ತಿಂಗಳ ಸಿ.ಟಿ., ಪೆಟ್, ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಎಂಬ ಮಾತು ಬರುವುದು 8 ಮಿ.ಮೀ. ದಾಟಿದ ಗಂಟುಗಳಿಗೆ. 35 ವರ್ಷಕ್ಕಿಂತ ಚಿಕ್ಕವರಿಗೆ, ಈಗಾಗಲೇ ಕ್ಯಾನ್ಸರ್ ಇರುವವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಮಾರ್ಗಸೂಚಿ ಅನ್ವಯವಾಗುವುದಿಲ್ಲ. ನಿಮ್ಮ ಯಜಮಾನರು ಇವುಗಳಲ್ಲಿ ಯಾವ ಗುಂಪಿಗೂ ಸೇರಿದಂತೆ ಕಾಣುವುದಿಲ್ಲ.

ಆರು ತಿಂಗಳೇ ಏಕೆ ಎಂಬುದಕ್ಕೂ ಕಾರಣವಿದೆ. ಗಂಟು ಗೋಳಾಕಾರದ್ದಾದ್ದರಿಂದ ಅದರ ಅಡ್ಡಳತೆ ಶೇಕಡಾ 26ರಷ್ಟು ಹೆಚ್ಚಿದರೆ ಒಳಗಿನ ಗಾತ್ರ ಇಮ್ಮಡಿಯಾಗಿರುತ್ತದೆ. ಅಂದರೆ 7 ಮಿ.ಮೀ. ಗಂಟು 9 ಮಿ.ಮೀ.ನ ಹತ್ತಿರಕ್ಕೆ ಬಂದರೆ ಅದು ದುಪ್ಪಟ್ಟಾಯಿತು ಎಂದರ್ಥ. ಅದೇ ಗಂಟನ್ನು ಇಬ್ಬರು ವೈದ್ಯರು ಅಳೆದರೆ ಒಂದೂವರೆ ಮಿ.ಮೀ. ವ್ಯತ್ಯಾಸ ಬರುವುದು ಸಾಮಾನ್ಯ. ಆರು ವಾರದ ಬದಲಾವಣೆ ಈ ಅಳತೆಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಎರಡು ವರ್ಷಗಳ ಕಾಲ ಒಂದಿಷ್ಟೂ ಬೆಳೆಯದ ಗಟ್ಟಿ ಗಂಟನ್ನು ನಿರುಪದ್ರವಿ ಎಂದು ಪರಿಗಣಿಸುತ್ತೇವೆ. ಗಾಜಿನ ಮೇಲಿನ ಮಂಜಿನಂತೆ ಮಸುಕಾಗಿ ಕಾಣುವ ಗಂಟುಗಳ ಲೆಕ್ಕ ಬೇರೆ. ಅವು ಬಹಳ ನಿಧಾನವಾದ್ದರಿಂದ ಐದು ವರ್ಷ ಗಮನಿಸಬೇಕಾಗುತ್ತದೆ. ನಿಮ್ಮದು ಗಟ್ಟಿ ಗಂಟು ಎಂದು ಬರೆದಿದ್ದೀರಿ.

ಈ ಎರಡು ವರ್ಷಗಳನ್ನು ಇಂದೇ ಗಳಿಸುವ ಉಪಾಯವೊಂದಿದೆ, ಅದಕ್ಕೆ ಖರ್ಚೂ ಇಲ್ಲ. ಮನೆಯಲ್ಲಿ ಹಳೆಯ ಎಕ್ಸ್-ರೇ ಅಥವಾ ಸಿ.ಟಿ. ಫಿಲ್ಮುಗಳಿವೆಯೇ ಎಂದು ಹುಡುಕಿ. ಹೋಟೆಲಿನ ಅಟ್ಟದಲ್ಲಿ ಊರಿನ ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದ ಕಾಲದಲ್ಲಿ ಟಿ.ಬಿ. ಬಂದವರ ಶ್ವಾಸಕೋಶದಲ್ಲಿ, ಅದರಲ್ಲೂ ಮೇಲ್ಭಾಗದಲ್ಲಿ, ವಾಸಿಯಾದ ಕಲೆ ಗಂಟಿನಂತೆ ಉಳಿದಿರುವುದನ್ನು ನಾನು ವಾರಕ್ಕೆ ಹಲವು ಬಾರಿ ನೋಡುತ್ತೇನೆ. ಐದಾರು ವರ್ಷಗಳ ಹಿಂದೆ ಬೇರೆ ಯಾವುದೋ ಕಾರಣಕ್ಕೆ ತೆಗೆಸಿದ ಸಿ.ಟಿ.ಯಲ್ಲಿ ಇದೇ ಗಂಟು ಇದೇ ಅಳತೆಯಲ್ಲಿ ಇದ್ದರೆ ನಿಮ್ಮ ಚಿಂತೆ ಅಲ್ಲಿಗೇ ಮುಗಿಯಿತು. ಎಕ್ಸ್-ರೇಯಲ್ಲಿ 7 ಮಿ.ಮೀ. ಗಂಟು ಸಾಮಾನ್ಯವಾಗಿ ಕಾಣದು, ಆದರೆ ಸುಣ್ಣಗಟ್ಟಿದ್ದರೆ ಕಾಣುತ್ತದೆ. ನಡುವಿನಲ್ಲಿ ಅಥವಾ ಇಡಿಯಾಗಿ ಸುಣ್ಣಗಟ್ಟಿದ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರಾ ಕಡಿಮೆ. (ಮುಂಬೈಯ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು ಹಾಳಾಗುವುದರಿಂದ, ಮುಂದೆ ಯಾವ ಸ್ಕ್ಯಾನ್ ಮಾಡಿಸಿದರೂ ಸಿ.ಡಿ.ಯನ್ನು ಕೇಳಿ ಪಡೆದು ಪೆನ್ ಡ್ರೈವಿಗೂ ಹಾಕಿಸಿಡಿ. ವರದಿಯ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚಿತ್ರಗಳನ್ನು ಕಳೆದುಕೊಳ್ಳುವವರೇ ಹೆಚ್ಚು. ನಮಗೆ ಬೇಕಾಗುವುದು ಚಿತ್ರಗಳು.)

ವರದಿಯಲ್ಲಿ ಅಂಥ ಭಯಂಕರ ವಾಕ್ಯ ಏಕೆ ಬಂತು ಎಂದೂ ನೀವು ಕೇಳಬಹುದು. ಸ್ಕ್ಯಾನ್ ಓದುವ ವೈದ್ಯರ ಮುಂದೆ ಬರುವ ಚೀಟಿಯಲ್ಲಿ ಎಷ್ಟೋ ಬಾರಿ ‘ಚೆಕಪ್’ ಎಂಬ ಒಂದೇ ಪದ ಇರುತ್ತದೆ; ಹಿಂದೆ ಟಿ.ಬಿ. ಆಗಿತ್ತು, ಧೂಮಪಾನವಿಲ್ಲ, ಹಳೆಯ ಸಿ.ಟಿ. ಇದೆ ಎಂದು ಯಾರೂ ಬರೆದಿರುವುದಿಲ್ಲ. ಏನೂ ಗೊತ್ತಿಲ್ಲದವರು ಎಲ್ಲ ಸಾಧ್ಯತೆಗಳನ್ನೂ ಬರೆದು, ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ ಎಂದು ಕೊನೆಯಲ್ಲಿ ಸೇರಿಸುತ್ತಾರೆ. ನಮ್ಮ ವೃತ್ತಿಯ ಈ ವಾಕ್ಯವನ್ನು ಜನ ತಮಾಷೆ ಮಾಡುವುದು ನನಗೆ ಗೊತ್ತು, ಸ್ವಲ್ಪ ಮಟ್ಟಿಗೆ ನಾವು ಅದಕ್ಕೆ ಅರ್ಹರೂ ಹೌದು. ಆದರೂ ಅದರ ಅರ್ಥ ನೇರವಾದದ್ದು: ಚಿತ್ರ ಇಷ್ಟು ಹೇಳಿತು, ಉಳಿದದ್ದನ್ನು ರೋಗಿಯನ್ನು ಕೂರಿಸಿ ಮಾತನಾಡಿಸಿದ ವೈದ್ಯರು ಹೇಳಬೇಕು.

ಒಂದೇ ಸ್ಕ್ಯಾನ್ ಒಬ್ಬರಲ್ಲಿ ನಂಬಲರ್ಹವೂ ಇನ್ನೊಬ್ಬರಲ್ಲಿ ದಾರಿ ತಪ್ಪಿಸುವಂಥದ್ದೂ ಆಗುವುದು ಹೇಗೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಕ್ಯಾನ್ಸರ್ ಇರುವ ನೂರು ಜನರಲ್ಲಿ 90 ಮಂದಿಯನ್ನು ಹಿಡಿಯುವ, ಇಲ್ಲದ ನೂರು ಜನರಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಒಂದು ಪರೀಕ್ಷೆಯಿದೆ ಎಂದಿಟ್ಟುಕೊಳ್ಳಿ. ಯಾವ ತೊಂದರೆಯೂ ಇಲ್ಲದ 1,000 ಜನರನ್ನು ಪರೀಕ್ಷಿಸಿದರೆ, ಅವರಲ್ಲಿ ಐವರಿಗೆ ಕ್ಯಾನ್ಸರ್ ಇದ್ದರೆ, ಯಂತ್ರ ಆ ಐವರಲ್ಲಿ ನಾಲ್ಕೈದು ಮಂದಿಯನ್ನು ಹಿಡಿಯುತ್ತದೆ; ಜೊತೆಗೆ ಆರೋಗ್ಯವಂತರಲ್ಲಿ ಸುಮಾರು 100 ಮಂದಿಗೂ ಸಂಶಯದ ಚೀಟಿ ಕೊಡುತ್ತದೆ. ಚೀಟಿ ಪಡೆದವರಲ್ಲಿ ನಿಜವಾದ ರೋಗಿ ಇಪ್ಪತ್ತಮೂರರಲ್ಲಿ ಒಬ್ಬ ಮಾತ್ರ. ಅದೇ ಪರೀಕ್ಷೆಯನ್ನು ಗಂಟು, ರಕ್ತಸ್ರಾವ, ತೂಕ ಇಳಿಕೆ ಎಂದು ಬಂದ, 400 ಮಂದಿಗೆ ನಿಜಕ್ಕೂ ಕ್ಯಾನ್ಸರ್ ಇರುವ 1,000 ಜನರ ಮೇಲೆ ಮಾಡಿದರೆ ಸಂಶಯದ ಚೀಟಿ ಪಡೆದ ಏಳು ಜನರಲ್ಲಿ ಆರು ಮಂದಿಗೆ ರೋಗವಿರುತ್ತದೆ. ಯಂತ್ರ ಬದಲಾಗಲಿಲ್ಲ, ಅದರ ಎದುರು ನಿಂತ ಸಾಲು ಬದಲಾಯಿತು. ಯಜಮಾನರು ಮೊದಲ ಸಾಲಿನಲ್ಲಿ ನಿಂತವರು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದಲ್ಲಿ 53,454 ಮಂದಿ ಭಾರೀ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡಾ 20ರಷ್ಟು ಕಡಿಮೆಯಾಯಿತು. ಇದು ನಿಜವಾದ ಲಾಭ. ಆದರೆ ಅದೇ ಅಧ್ಯಯನದಲ್ಲಿ ಸಿ.ಟಿ. ಸಂಶಯಾಸ್ಪದ ಎಂದ ಫಲಿತಾಂಶಗಳಲ್ಲಿ ಶೇಕಡಾ 96.4 ಸುಳ್ಳು ಎಚ್ಚರಿಕೆಗಳಾಗಿದ್ದವು. ಅವರು ದಿನಕ್ಕೊಂದು ಪ್ಯಾಕ್‌ನಂತೆ ಮೂವತ್ತು ವರ್ಷ ಸೇದಿದಷ್ಟು ಹೊಗೆ ಕುಡಿದವರು, ಟಿ.ಬಿ. ಅಪರೂಪವಾದ ದೇಶದವರು. ಸಿಗರೇಟು ಮುಟ್ಟದ, ಟಿ.ಬಿ. ದಾಟಿ ಬಂದ ಮುಂಬೈಕರರ ಎದೆಯಲ್ಲಿ ಕಾಣುವ ಗಂಟಿನ ಬಗ್ಗೆ ಇದರಿಂದ ನೀವೇ ಅಂದಾಜು ಮಾಡಿಕೊಳ್ಳಬಹುದು.

ಇನ್ನು ನಿಮ್ಮ ನಾದಿನಿಯವರ ವಿಷಯ. ಇಲ್ಲಿ ಯಂತ್ರ ಮಾಡಿದ್ದು ತದ್ವಿರುದ್ಧ ತಪ್ಪು, ಮತ್ತು ಇದು ಹೆಚ್ಚು ನೋವಿನದು. ಮ್ಯಾಮೋಗ್ರಾಮ್ ಚಿತ್ರದಲ್ಲಿ ಕೊಬ್ಬು ಕಪ್ಪಾಗಿಯೂ, ಹಾಲಿನ ಗ್ರಂಥಿಗಳಿರುವ ದಟ್ಟ ಭಾಗ ಬೆಳ್ಳಗೂ ಕಾಣುತ್ತದೆ. ಕ್ಯಾನ್ಸರ್ ಗಂಟೂ ಬೆಳ್ಳಗೇ ಕಾಣುತ್ತದೆ. ನಲವತ್ತರ ಹರೆಯದ ಅರ್ಧದಷ್ಟು ಹೆಂಗಸರ ಸ್ತನಗಳು ದಟ್ಟವಾಗಿರುವುದರಿಂದ ಅವರಲ್ಲಿ ಸಣ್ಣ ಗಂಟನ್ನು ಹುಡುಕುವುದು ಬಿಳಿ ಸೀರೆಯ ಮೇಲೆ ಬಿಳಿ ದಾರ ಹುಡುಕಿದಂತೆ. ಇದಲ್ಲದೆ ಲೋಬ್ಯುಲರ್ ಎಂಬ ಬಗೆಯ ಕ್ಯಾನ್ಸರಿನ ಕೋಶಗಳು ಗಂಟು ಕಟ್ಟದೆ ಇರುವೆಗಳ ಸಾಲಿನಂತೆ ಹರಡಿಕೊಳ್ಳುತ್ತವೆ. ಅದು ಮ್ಯಾಮೋಗ್ರಾಮಿಗೂ ಪೆಟ್‌ಗೂ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಎರಡು ಪರೀಕ್ಷೆಗಳ ನಡುವಿನ ಅವಧಿಯಲ್ಲೇ ವೇಗವಾಗಿ ಬೆಳೆದು ಹೊರಬರುವ ಕ್ಯಾನ್ಸರುಗಳೂ ಇವೆ. ನಿಮ್ಮ ನಾದಿನಿಯವರದ್ದು ಇವುಗಳಲ್ಲಿ ಯಾವುದು, ಅಥವಾ ಓದಿದವರ ಕಣ್ತಪ್ಪೇ ಎಂಬುದು ಹಳೆಯ ಚಿತ್ರವನ್ನು ಇನ್ನೊಬ್ಬ ಸ್ತನ ಚಿತ್ರಣ ತಜ್ಞರಿಂದ ಓದಿಸಿದರೆ ತಿಳಿಯುತ್ತದೆ. ಆದರೆ ಚಿಕಿತ್ಸೆ ನಡೆಯುತ್ತಿರುವಾಗ ಅದು ಅವಸರದ ಕೆಲಸವಲ್ಲ.

ಅವರ ಹಳೆಯ ವರದಿಯಲ್ಲಿ ಬೈರಾಡ್ಸ್ ಎಂಬ ಸಂಖ್ಯೆ ಇರುತ್ತದೆ. 1 ಮತ್ತು 2 ಎಂದರೆ ಸಂಶಯಿಸುವಂಥದ್ದು ಏನೂ ಕಾಣಲಿಲ್ಲ; 3 ಎಂದರೆ ಕ್ಯಾನ್ಸರಿನ ಸಾಧ್ಯತೆ ಶೇಕಡಾ ಎರಡನ್ನು ಮೀರದು, ಆರು ತಿಂಗಳಲ್ಲಿ ಮತ್ತೆ ನೋಡಿ; 4 ಮತ್ತು 5 ಎಂದರೆ ಬಯಾಪ್ಸಿ ಬೇಕು; 0 ಎಂದರೆ ಚಿತ್ರ ಸಾಲದು, ಅಲ್ಟ್ರಾಸೌಂಡ್ ಅಥವಾ ಬೇರೆ ಕೋನದ ಚಿತ್ರ ಬೇಕು. ಈ ಸೊನ್ನೆಯನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ; ದಯವಿಟ್ಟು ಆ ಕಾಗದವನ್ನು ಒಮ್ಮೆ ತೆಗೆದು ನೋಡಿ. ಕೈಗೆ ಗಂಟು ಸಿಗುತ್ತಿದ್ದರೆ ಮ್ಯಾಮೋಗ್ರಾಮ್ ಎಷ್ಟು ಶುದ್ಧವಾಗಿದ್ದರೂ ಅಲ್ಲಿಗೆ ಬಿಡಬಾರದು ಎಂಬುದು ಸ್ತನದ ವೈದ್ಯರ ಹಳೆಯ ನಿಯಮ: ಕೈಯ ಪರೀಕ್ಷೆ, ಚಿತ್ರ, ಬಯಾಪ್ಸಿ ಈ ಮೂರೂ ಒಂದೇ ಮಾತು ಹೇಳಬೇಕು.

ಬಯಾಪ್ಸಿಯ ಹೆಸರೆತ್ತಿದೊಡನೆ ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ’ ಎಂಬ ಮಾತು ಬರುತ್ತದೆ. ಸೂಜಿ ಹೋದ ದಾರಿಯಲ್ಲಿ ಕೋಶಗಳು ಬೀಳುವುದು ತೀರಾ ಅಪರೂಪ, ಬಯಾಪ್ಸಿಯಿಲ್ಲದೆ ತಪ್ಪು ಚಿಕಿತ್ಸೆ ಪಡೆಯುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ವೃಷಣದ ಗಂಟಿಗೆ ಹೊರಗಿನಿಂದ ಸೂಜಿ ಹಾಕುವುದಿಲ್ಲ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ರೋಗ) ಇರುವವರ ಯಕೃತ್ತಿನ ಕ್ಯಾನ್ಸರನ್ನು ಕಾಂಟ್ರಾಸ್ಟ್ ಎಂಬ, ಚಿತ್ರ ಸ್ಪಷ್ಟವಾಗಿಸುವ ಔಷಧಿ ಕೊಟ್ಟು ಮಾಡಿದ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದ ಮೇಲೆಯೇ ಖಚಿತಪಡಿಸಬಹುದು. ಇಂಥ ಅಪವಾದಗಳು ಕೆಲವೇ.

ಕೊನೆಯದಾಗಿ ನಿಮ್ಮ ಬಗ್ಗೆ. ಯಾವ ಲಕ್ಷಣವೂ ಇಲ್ಲದಿದ್ದರೆ ಇಡೀ ಮೈಯ ಸಿ.ಟಿ., ಪೆಟ್ ಅಥವಾ ಎಂ.ಆರ್.ಐ. ಬೇಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕೂಡ ಆರೋಗ್ಯವಂತರಿಗೆ ಇಡೀ ದೇಹದ ಸಿ.ಟಿ.ಯನ್ನು ಸೂಚಿಸುವುದಿಲ್ಲ. ನಿಸರ್ಗದಿಂದ ನಮಗೆ ವರ್ಷಕ್ಕೆ ಬರುವ ವಿಕಿರಣ ಸರಾಸರಿ 2.4 ಮಿಲಿಸೀವರ್ಟ್, ಹೊಟ್ಟೆಯ ಒಂದು ಸಿ.ಟಿ.ಯಲ್ಲೇ ಅದರ ಮೂರು ನಾಲ್ಕು ಪಟ್ಟು ಬರುತ್ತದೆ, ಪೆಟ್-ಸಿ.ಟಿ.ಯಲ್ಲಿ ಇನ್ನೂ ಹೆಚ್ಚು. ರೋಗವಿದ್ದಾಗ ಅದು ಲೆಕ್ಕಕ್ಕೆ ಬಾರದ ಮೊತ್ತ, ಬರೀ ಕುತೂಹಲಕ್ಕಾದರೆ ದುಬಾರಿ. ಅದಕ್ಕಿಂತ ದೊಡ್ಡ ನಷ್ಟ, ಎಂದೂ ತೊಂದರೆ ಕೊಡದಿದ್ದ ಗಂಟುಗಳು ಸಿಕ್ಕಿಬಿಡುವುದು. ದಕ್ಷಿಣ ಕೊರಿಯಾದಲ್ಲಿ ಚೆಕಪ್ಪಿನ ಜೊತೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸುವುದು ರೂಢಿಯಾದ ಮೇಲೆ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ನಡುವೆ ಸಾವಿರಾರು ಜನ ಥೈರಾಯ್ಡ್ ತೆಗೆಸಿಕೊಂಡು ಜೀವಮಾನವಿಡೀ ಮಾತ್ರೆ ನುಂಗುವಂತಾಯಿತು.

ನಿಮ್ಮ ವಯಸ್ಸಿಗೆ ನಿಜಕ್ಕೂ ಉಪಯೋಗವಾಗುವ ಪರೀಕ್ಷೆಗಳು ಬಹಳ ಸಾದಾ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಮುಂಬೈಯ ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದಾಗ ರೋಗ ಮೊದಲ ಹಂತದಲ್ಲೇ ಸಿಗುವುದು ಹೆಚ್ಚಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐವತ್ತು ದಾಟಿದವರಲ್ಲಿ ಸ್ತನದ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30 ಇಳಿಯಿತು. ಒಟ್ಟು ಗುಂಪಿನಲ್ಲಿ ಇಳಿಕೆ ಶೇಕಡಾ 15 ಇದ್ದರೂ ಅದು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಾಗಲಿಲ್ಲ ಎಂಬುದನ್ನೂ ಹೇಳಬೇಕು. ಅವರೇ ಗರ್ಭಕಂಠವನ್ನು ವಿನೆಗರಿನಂಥ ದ್ರಾವಣ ಹಚ್ಚಿ ನೋಡುವ ವಿಧಾನದಿಂದ ಆ ಕ್ಯಾನ್ಸರಿನ ಸಾವನ್ನು ಶೇಕಡಾ 31 ಇಳಿಸಿದರು. ಈಗ ಅದಕ್ಕಿಂತ ಉತ್ತಮವಾದ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯೂ ಲಭ್ಯವಿದೆ. ಆದ್ದರಿಂದ ನೀವು ವರ್ಷಕ್ಕೊಮ್ಮೆ ಸ್ತನವನ್ನು ವೈದ್ಯರ ಕೈಯಿಂದ ಪರೀಕ್ಷಿಸಿಕೊಳ್ಳಿ, ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಮಾಡಿಸಿ, ವರದಿಯಲ್ಲಿ ದಟ್ಟ ಸ್ತನ ಎಂದಿದ್ದರೆ ಜೊತೆಗೆ ಅಲ್ಟ್ರಾಸೌಂಡ್ ಕೇಳಿ, ಎಚ್‌ಪಿವಿ ಪರೀಕ್ಷೆಯನ್ನು ಒಮ್ಮೆ ಮಾಡಿಸಿ. ನಾದಿನಿಯವರ ವಂಶವಾಹಿ ಪರೀಕ್ಷೆಯಲ್ಲಿ ಬಿ.ಆರ್.ಸಿ.ಎ. ಎಂಬ, ಸ್ತನದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ ಕಂಡರೆ ಅದು ರಕ್ತಸಂಬಂಧಿಗಳಿಗೆ, ಅಂದರೆ ಯಜಮಾನರಿಗೆ ಮತ್ತು ಅವರ ಮೂಲಕ ನಿಮ್ಮ ಮಕ್ಕಳಿಗೆ ಸಂಬಂಧಿಸಿದ ವಿಷಯ; ನಿಮಗಲ್ಲ. ಮುಂದಿನ ಬಾರಿ ಅವರ ಜೊತೆ ಆಸ್ಪತ್ರೆಗೆ ಹೋದಾಗ ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ ಬನ್ನಿ.